ಆಪರೇಷನ್ ಆಯಿತು, ಇನ್ನು ಆರು ವಾರ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಲ್ಲಿ ಮೂಲವ್ಯಾಧಿಯನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳಿದರೂ ‘ಸ್ವಲ್ಪ ಹೀಟ್ ಆಗಿದೆ’ ಎಂದಷ್ಟೇ. ಕೂತಲ್ಲಿ ಕೂರಲಾಗದೆ ಮಗ್ಗುಲು ಬದಲಿಸುತ್ತಾ, ರಕ್ತ ಹೋಗುತ್ತಿರುವುದನ್ನು ಮನೆಯವರಿಗೂ ತಿಳಿಸದೆ, ಅಡಿಕೆ ಸುಗ್ಗಿ ಮುಗಿಯಲಿ ಎಂದು ಒಂದು ವರ್ಷ, ಮಗಳ ಮದುವೆ ಆಗಲಿ ಎಂದು ಇನ್ನೊಂದು ವರ್ಷ ತಳ್ಳುತ್ತಾರೆ. ಕಡೆಗೆ ತಡೆಯಲಾರದೆ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸು ಹತ್ತುತ್ತಾರೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಬಂದು ಸೇರಿದವು, ಜಗಳೂರು ಚಿತ್ರದುರ್ಗದಿಂದ ಬಂತು. ಕಾಗದಪತ್ರ ದಾವಣಗೆರೆಗೆ ಹೋದರೂ ಚನ್ನಗಿರಿ, ನ್ಯಾಮತಿ ಕಡೆಯ ಬಹಳ ಮಂದಿಗೆ ಆಸ್ಪತ್ರೆಯೆಂದರೆ ಇವತ್ತಿಗೂ ಶಿವಮೊಗ್ಗದ ಮೆಗ್ಗಾನ್. ಜಗಳೂರಿನವರಿಗೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಅಥವಾ ಬಾಪೂಜಿ. ಆ ಜಿಲ್ಲೆ ರಚನೆಯಾದಾಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, ಮುಚ್ಚುಮರೆಯಿಲ್ಲದ ಮಾತಿಗೆ ನಾಡಿಗೇ ಹೆಸರಾದವರು. ಅದೇ ನೆಲದಲ್ಲಿ ಈ ಒಂದು ಕಾಯಿಲೆಯ ವಿಚಾರದಲ್ಲಿ ಮಾತ್ರ ಮಾತೇ ಇಲ್ಲ.

ಆಪರೇಷನ್ ಥಿಯೇಟರಿನ ಒಳಗಿನ ಕೆಲಸ ಸಾಮಾನ್ಯವಾಗಿ ಒಂದು ಗಂಟೆಯೊಳಗಿನದು. ಒಂದೆರಡು ದಿನದಲ್ಲಿ ಡಿಸ್‌ಚಾರ್ಜ್. ಕೈಗೆ ಬರುವುದು ಇಂಗ್ಲಿಷಿನಲ್ಲಿ ಬರೆದ ಚೀಟಿ, ಒಂದು ಕವರು ಮಾತ್ರೆ, ‘ವಾರ ಬಿಟ್ಟು ಬನ್ನಿ’ ಎಂಬ ಮಾತು. ಅಲ್ಲಿಂದಾಚೆ ಗಾಯ ಪೂರ್ತಿ ಮಾಯಲು ನಾಲ್ಕರಿಂದ ಆರು ವಾರ ಬೇಕು, ಕೆಲವರಿಗೆ ಎಂಟು. ಅಷ್ಟೂ ದಿನ ರೋಗಿ ಇರುವುದು ಮನೆಯಲ್ಲಿ. ಅಲ್ಲಿ ಏನು ತಿನ್ನುತ್ತಾರೆ, ಹೇಗೆ ಕೂರುತ್ತಾರೆ, ಯಾವಾಗ ತೋಟಕ್ಕೆ ಇಳಿಯುತ್ತಾರೆ ಎಂಬುದರ ಮೇಲೆ ಸರ್ಜನ್ ಮಾಡಿದ ಕೆಲಸ ಕೈಗೂಡುವುದೋ ಕೆಡುವುದೋ ತೀರ್ಮಾನವಾಗುತ್ತದೆ. ‘ಆಪರೇಷನ್ ಮಾಡಿಸಿದರೂ ಹೋಗಲಿಲ್ಲ’ ಎಂದು ಕೊರಗುವವರಲ್ಲಿ ಅನೇಕರ ತೊಂದರೆ ಹಳೆಯ ಮೊಳೆಯದಲ್ಲ. ಆ ಆರು ವಾರಗಳನ್ನು ದಾರಿ ಹೇಳುವವರಿಲ್ಲದೆ ಕಳೆದದ್ದರದು.

ಕತ್ತರಿಸಿದ್ದು ಏನನ್ನು?

ಮೊಳೆ ಎಲ್ಲಿಂದಲೋ ಬಂದು ಹುಟ್ಟಿಕೊಂಡ ಗಡ್ಡೆಯಲ್ಲ. ಗುದನಾಳದ ಒಳಗೋಡೆಯಲ್ಲಿ ಪ್ರತಿಯೊಬ್ಬರಿಗೂ ರಕ್ತನಾಳಗಳು ತುಂಬಿದ ಮೆತ್ತೆಗಳಿರುತ್ತವೆ. ಮುಖ್ಯವಾದವು ಮೂರು. ಬಾಗಿಲು ಬಿಗಿಯಾಗಿ ಮುಚ್ಚಿಕೊಳ್ಳಲು, ಗಾಳಿ ಮತ್ತು ತೆಳ್ಳಗಿನ ಮಲ ಸೋರದಂತೆ ತಡೆಯಲು ಅವು ಬೇಕು. ವರ್ಷಗಟ್ಟಲೆ ಗಟ್ಟಿ ಮಲಕ್ಕೆ ತಿಣುಕಿದಾಗ ಆ ಮೆತ್ತೆಗಳನ್ನು ಹಿಡಿದಿಟ್ಟ ಅಂಗಾಂಶ ಸಡಿಲಗೊಂಡು, ಅವು ಊದಿಕೊಂಡು ಕೆಳಕ್ಕೆ ಜಾರುತ್ತವೆ. ಬ್ರಿಟನ್ನಿನ ಸರ್ಜನ್ ಥಾಮ್ಸನ್ 1975ರಲ್ಲಿ ಇದನ್ನು ವಿವರಿಸಿದ ಮೇಲೆ ವೈದ್ಯಲೋಕ ಈ ಕಾಯಿಲೆಯನ್ನು ನೋಡುವ ಬಗೆಯೇ ಬದಲಾಯಿತು. ಮೊದಲ ಹಂತದಲ್ಲಿ ರಕ್ತ ಮಾತ್ರ ಹೋಗುತ್ತದೆ. ಎರಡನೆಯದರಲ್ಲಿ ಮೊಳೆ ಹೊರಬಂದು ತಾನಾಗಿ ಒಳಗೆ ಹೋಗುತ್ತದೆ, ಮೂರನೆಯದರಲ್ಲಿ ಬೆರಳಿನಿಂದ ಒಳಗೆ ತಳ್ಳಬೇಕು, ನಾಲ್ಕನೆಯದರಲ್ಲಿ ತಳ್ಳಿದರೂ ನಿಲ್ಲದು. ಕತ್ತರಿಸುವ ಆಪರೇಷನ್ ಹೆಚ್ಚಾಗಿ ಕೊನೆಯ ಎರಡು ಹಂತದವರಿಗೆ.

ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ನಡೆಯುವುದು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ವಿವರಿಸಿದ ವಿಧಾನ. ಈ ಭಾಗದ ಕಾಯಿಲೆಗಳಿಗೆಂದೇ 1835ರಲ್ಲಿ, ಅದೂ ಬಡವರಿಗಾಗಿ ಶುರುವಾದ ಆಸ್ಪತ್ರೆ ಅದು. ಮೂರು ಮೊಳೆಗಳನ್ನು ಬುಡದಲ್ಲಿ ಕಟ್ಟಿ ಕತ್ತರಿಸಿ, ನಡುವೆ ಒಳ್ಳೆಯ ಚರ್ಮದ ಪಟ್ಟಿಗಳನ್ನು ಉಳಿಸಿ, ಗಾಯಗಳನ್ನು ಹೊಲಿಯದೆ ತೆರೆದೇ ಬಿಡುತ್ತಾರೆ. ‘ಹೊಲಿಗೆಯನ್ನೇ ಹಾಕದೆ ಕಳಿಸಿದರು’ ಎಂದು ಮನೆಯವರು ಗಾಬರಿಯಾಗುವುದುಂಟು. ಇದು ಬೇಕೆಂದೇ ಮಾಡಿದ್ದು. ಮಲ ಹಾಯುವ ಜಾಗದಲ್ಲಿ ಗಾಯ ಮುಚ್ಚಿದರೆ ಒಳಗೆ ಕೀವು ನಿಲ್ಲುವ ಭಯ. ತೆರೆದಿಟ್ಟರೆ ಬುಡದಿಂದ ಮೇಲಕ್ಕೆ ಮಾಯುತ್ತಾ ಬರುತ್ತದೆ. 1959ರಲ್ಲಿ ಅಮೆರಿಕದ ಫರ್ಗ್ಯುಸನ್ ವಿವರಿಸಿದ, ಹೊಲಿಗೆ ಹಾಕುವ ವಿಧಾನವೂ ಬಳಕೆಯಲ್ಲಿದೆ. ಎರಡಕ್ಕೂ ಆರೈಕೆ ಒಂದೇ.

ಇಷ್ಟು ಚಿಕ್ಕ ಗಾಯಕ್ಕೆ ಅಷ್ಟು ನೋವು ಯಾಕೆ? ಗುದನಾಳದ ಒಳಗೊಂದು ಗೆರೆಯಿದೆ. ಅದರ ಮೇಲಿನ ಭಾಗಕ್ಕೆ ಚುಚ್ಚಿದರೂ ನೋವು ತಿಳಿಯದು, ಕೆಳಗಿನ ಭಾಗ ಮೈಚರ್ಮದಷ್ಟೇ ಸೂಕ್ಷ್ಮ. ಕತ್ತರಿಸಿದ ಗಾಯ ಈ ಕೆಳಗಿನ ಭಾಗಕ್ಕೂ ಬರುತ್ತದೆ. ಅದಕ್ಕಿಂತ ಹೆಚ್ಚಿನ ನೋವು ಸ್ನಾಯುವಿನದು. ಗಾಯದ ಉರಿಗೆ ಒಳಗಿನ ಸ್ನಾಯು ತನ್ನಷ್ಟಕ್ಕೆ ಸೆಟೆದು ಹಿಡಿದುಕೊಳ್ಳುತ್ತದೆ, ಸೆಟೆದಷ್ಟೂ ಅಲ್ಲಿಗೆ ರಕ್ತ ಕಡಿಮೆ, ರಕ್ತ ಕಡಿಮೆಯಾದಷ್ಟೂ ನೋವು. ಬಿಸಿನೀರು, ಮುಲಾಮು, ಮಲ ಮೆತ್ತಗಾಗಿಸುವ ಸಿರಪ್ಪು ಎಲ್ಲದರ ಗುರಿಯೂ ಈ ಸೆಟೆತವನ್ನು ಬಿಡಿಸುವುದೇ.

ಹೊರಕಡೆ ಹೋಗುವ ಭಯ

ಉಬ್ರಾಣಿ ಕಡೆಯ ತೋಟದವರೊಬ್ಬರು ಆಪರೇಷನ್ ಮುಗಿಸಿ ಮೂರನೆಯ ದಿನ ಮನೆಗೆ ಬಂದರು ಎಂದಿಟ್ಟುಕೊಳ್ಳಿ. ನಡುಮನೆಯಲ್ಲಿ ಚಾಪೆಯ ಮೇಲೆ ಕೌದಿ ಹಾಸಿ ಮಗ್ಗುಲಾಗಿ ಮಲಗಿಸಿದ್ದಾರೆ. ಇನ್ನೂ ಹೊರಕಡೆಗೆ ಹೋಗಿಲ್ಲ. ಮನಸ್ಸಿನಲ್ಲಿ ಇರುವುದು ಆ ಒಂದೇ ಭಯ. ನೋಡಲು ಬಂದ ನೆಂಟರ ಕೈಚೀಲದಲ್ಲಿ ಬ್ರೆಡ್ಡು, ಬಿಸ್ಕತ್ತು, ಎಳನೀರು. ಮನೆಯ ಅಜ್ಜಿಯ ಸಲಹೆ: ‘ಬರೇ ಗಂಜಿ ಕುಡಿ ಮಗಾ. ತಿಂದ್ರೆ ತಾನೇ ಹೋಗ್ಬೇಕಾಗೋದು?’

ಪ್ರೀತಿಯಿಂದ ಕೊಟ್ಟ ಈ ಸಲಹೆಯಷ್ಟು ಕೇಡು ಇನ್ನೊಂದಿಲ್ಲ. ಪಥ್ಯದ ಹೆಸರಿನಲ್ಲಿ ಅಕ್ಕಿ ಗಂಜಿ, ರವೆ ಗಂಜಿ, ಬ್ರೆಡ್ಡು ತಿಂದ ಹೊಟ್ಟೆಯಲ್ಲಿ ಮಲ ತಯಾರಾಗುವುದು ನಿಲ್ಲುವುದಿಲ್ಲ. ಸ್ವಲ್ಪವಾಗಿ, ಗಟ್ಟಿಯಾಗಿ, ಒಣಗಿ ತಯಾರಾಗುತ್ತದೆ. ಬಂದ ಒತ್ತಡವನ್ನು ಹೆದರಿಕೆಗೆ ತಡೆದರೆ ದೊಡ್ಡ ಕರುಳು ಅದರಲ್ಲಿದ್ದ ನೀರನ್ನೂ ಹೀರಿಕೊಳ್ಳುತ್ತದೆ. ಐದನೆಯ ದಿನ ಕಲ್ಲಿನಂತಹ ಮಲ ಹಸಿ ಗಾಯವನ್ನು ಕೆರೆದುಕೊಂಡು ಬಂದಾಗ ರಕ್ತ, ಜೀವ ಹೋಗುವಂಥ ನೋವು, ಮತ್ತೆ ತಿನ್ನಲು ಭಯ. ಕೆಲವರಿಗೆ ಇಲ್ಲೇ ಹೊಸದೊಂದು ಬಿರುಕು ಬೀಳುತ್ತದೆ. ವೈದ್ಯರು ಅದನ್ನು ಫಿಶರ್ ಎನ್ನುತ್ತಾರೆ, ಊರಿನವರು ‘ಮತ್ತೆ ಮೊಳೆ ಬಂತು’ ಎನ್ನುತ್ತಾರೆ.

ತಿನ್ನಲೇಬೇಕು. ಅರಿವಳಿಕೆ ಇಳಿದು, ವೈದ್ಯರು ಊಟ ಮಾಡಬಹುದು ಎಂದ ದಿನದಿಂದಲೇ ಮೆತ್ತಗಿನ ಊಟ, ನಾರಿನ ಊಟ. ಮೊದಲ ಸಲ ಹೊರಕಡೆ ಹೋಗುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ. ನೋವಾಗುತ್ತದೆ, ನೀರಿನಲ್ಲಿ ಒಂದಿಷ್ಟು ರಕ್ತ ಕಾಣುತ್ತದೆ. ಅದು ಗಾಯ ಹರಿದ ಸೂಚನೆಯಲ್ಲ. ಒಂದು ಸಲ ಸಲೀಸಾಗಿ ಆಯಿತೆಂದರೆ ಅರ್ಧ ಭಯ ಅಲ್ಲಿಗೇ ಮುಗಿಯುತ್ತದೆ. ಹೋಗುವ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ನುಂಗಿರುವುದು, ವೈದ್ಯರು ಬರೆದುಕೊಟ್ಟಿದ್ದರೆ ಲಿಗ್ನೋಕೇನ್ ಜೆಲ್ಲಿ ಹಚ್ಚಿಕೊಂಡಿರುವುದು ಬಹಳ ಸಹಾಯ. ಮೊದಲ ವಾರ ನೋವಿನ ಮಾತ್ರೆಯನ್ನು ನೋವು ಬಂದ ಮೇಲೆ ಹುಡುಕುವುದಲ್ಲ, ಹೊತ್ತು ಹೊತ್ತಿಗೆ ತೆಗೆದುಕೊಳ್ಳಬೇಕು. ಟ್ರಾಮಡಾಲ್‌ನಂತಹ ಬಲವಾದ ಮಾತ್ರೆಗಳು ಮಲಬದ್ಧತೆ ತರುತ್ತವೆ. ಹಾಗಾಗಿ ಅವನ್ನು ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವುದು ಬೇಡ. ರಾತ್ರಿಯ ಲ್ಯಾಕ್ಟುಲೋಸ್ ಸಿರಪ್ಪನ್ನು ‘ಈಗ ಸರಿಯಾಗಿ ಹೋಗ್ತಿದೆಯಲ್ಲ’ ಎಂದು ನಾಲ್ಕನೇ ದಿನಕ್ಕೇ ನಿಲ್ಲಿಸುವವರೇ ಹೆಚ್ಚು. ಸರಿಯಾಗಿ ಹೋಗುತ್ತಿರುವುದು ಅದರಿಂದಲೇ.

ಊಟದ ಲೆಕ್ಕ ಕೇಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಜೋಳದಲ್ಲಿ 10, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ದಿನಕ್ಕೆ ದೇಹಕ್ಕೆ ಬೇಕಾದದ್ದು 25ರಿಂದ 30 ಗ್ರಾಂ. ಮೂರು ಹೊತ್ತೂ ಅನ್ನ ಉಂಡು 300 ಗ್ರಾಂ ಅಕ್ಕಿ ಮುಗಿಸಿದರೂ ಸಿಗುವ ನಾರು 9 ಗ್ರಾಂ ಮುಟ್ಟುವುದಿಲ್ಲ. ಅದೇ 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆ ಅಷ್ಟನ್ನೂ ಮೀರಿಸುತ್ತದೆ. ನೀರಾವರಿ ಬಂದು ಕೈಯಲ್ಲಿ ಅಡಿಕೆ ದುಡ್ಡು ಓಡಾಡತೊಡಗಿದ ಮೇಲೆ ಬಿಳಿ ಅನ್ನ ದಿನದ ಊಟವಾಯಿತು. ಮುದ್ದೆ, ರೊಟ್ಟಿ ಹಿಂದಕ್ಕೆ ಸರಿದವು. ಜಗಳೂರು ಕಡೆಯ ಒಣಭೂಮಿಯ ಮುದ್ದೆ, ರೊಟ್ಟಿಯ ಊಟವೇ ಈ ಕಾಯಿಲೆಯ ಮಟ್ಟಿಗೆ ಒಳ್ಳೆಯ ಊಟ.

ಆದ್ದರಿಂದ ಆಪರೇಷನ್ ಆದವರಿಗೆ ಬೆಳಿಗ್ಗೆ ರಾಗಿ ಅಂಬಲಿ, ಮಜ್ಜಿಗೆ. ಮಧ್ಯಾಹ್ನ ಮೆತ್ತಗಿನ ಮುದ್ದೆ, ಖಾರ ಕಡಿಮೆ ಮಾಡಿದ ಸೊಪ್ಪಿನ ಸಾರು. ಪರಂಗಿ ಹಣ್ಣು, ಸೀಬೆ ಹಣ್ಣು, ಬಾಳೆಹಣ್ಣು. ಮೊಳಕೆ ಹೆಸರುಕಾಳಿನ ಪಲ್ಯ. ಕಾಳು, ನಾರು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುತ್ತದೆ, ಮೂರ್ನಾಲ್ಕು ದಿನದಲ್ಲಿ ಏರಿಸಿಕೊಂಡು ಹೋಗಬೇಕು. ದಿನಕ್ಕೆ ಎಂಟರಿಂದ ಹತ್ತು ಲೋಟ ನೀರು ಬೇಕು. ನೀರಿಲ್ಲದ ನಾರು ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಗುಜರಾತಿನ ಊಂಝಾ, ಸಿದ್ಧಪುರದ ಕಡೆಯಿಂದ ದೇಶಕ್ಕೆಲ್ಲ ಬರುವ ಇಸಬ್ಗೋಲ್ ಹೊಟ್ಟನ್ನು ಕುಡಿಯುವಾಗಲೂ ಇದೇ ಎಚ್ಚರ. ಎರಡು ಚಮಚ ಹೊಟ್ಟು, ದೊಡ್ಡ ಲೋಟ ತುಂಬ ನೀರು, ಕಲಸಿದ ಕೂಡಲೇ ಕುಡಿಯುವುದು, ಮೇಲೆ ಇನ್ನೊಂದು ಲೋಟ. ನಾರಿನ ಬಗ್ಗೆ ಅನುಮಾನ ಉಳ್ಳವರಿಗೆ ಒಂದು ಮಾತು: 7 ಪ್ರಯೋಗಗಳ 378 ರೋಗಿಗಳ ವಿವರವನ್ನು ಒಟ್ಟುಮಾಡಿ 2005ರಲ್ಲಿ ಹೊರಬಂದ ಕಾಕ್ರೇನ್ ಪರಾಮರ್ಶೆಯಲ್ಲಿ, ಮೂಲವ್ಯಾಧಿಯುಳ್ಳವರು ನಾರು ಸೇರಿಸಿಕೊಂಡಾಗ ರಕ್ತ ಹೋಗುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು.

ಖಾರದಿಂದ ಮೊಳೆ ಹುಟ್ಟುವುದಿಲ್ಲ. ಕೋಳಿ ತಿಂದದ್ದರಿಂದಲೂ ಇಲ್ಲ. ಆದರೆ ಖಾರ ಹಸಿ ಗಾಯದ ಮೇಲೆ ಹಾದು ಹೋಗುವಾಗ ಉರಿಯುತ್ತದೆ. ಕೋಳಿ ತಿಂದ ದಿನ ತಟ್ಟೆಯಲ್ಲಿ ಸೊಪ್ಪು ಕಾಳು ಇರುವುದಿಲ್ಲ, ಆಗ ಮಾರನೇ ದಿನ ಹೊಟ್ಟೆ ಕಟ್ಟುತ್ತದೆ. ‘ಉಷ್ಣ’ ಎಂದು ಕರೆದದ್ದರಲ್ಲಿ ಬಹುಪಾಲು ಇದೇ. ದಾವಣಗೆರೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಆರು ವಾರ ಕಾಯಲಿ. ಹಳೆಯ ತಿಳಿವಳಿಕೆಯಲ್ಲಿ ಒಳ್ಳೆಯದೂ ಇದೆ: ಚರಕಸಂಹಿತೆ ಅರ್ಶಕ್ಕೆ, ಎಂದರೆ ಮೂಲವ್ಯಾಧಿಗೆ, ಮಜ್ಜಿಗೆಯನ್ನು ಮುಖ್ಯ ಮದ್ದಾಗಿ ಹೇಳುತ್ತದೆ, ಸುವರ್ಣಗಡ್ಡೆಗೆ ಆಯುರ್ವೇದದಲ್ಲಿ ‘ಅರ್ಶೋಘ್ನ’ ಎಂಬ ಹೆಸರೇ ಇದೆ. ಗಡ್ಡೆಯ ಪಲ್ಯ ನಾರಿನ ಊಟವಾಗಿ ಧಾರಾಳವಾಗಿ ತಿನ್ನಬಹುದು, ಬಾಯಿ ತುರಿಸದಂತೆ ಹುಣಸೆ ಹಾಕಿ ಬೇಯಿಸಿದರಾಯಿತು.

ಹಂಡೆಯ ನೀರು

ಆಪರೇಷನ್ ಆದವರಿಗೆ ಅತ್ಯಂತ ನೆಮ್ಮದಿ ಕೊಡುವ ಚಿಕಿತ್ಸೆಗೆ ದುಡ್ಡು ಬೇಕಿಲ್ಲ. ಚನ್ನಗಿರಿ ಸೀಮೆಯ ಮನೆಗಳಲ್ಲಿ ಅಡಿಕೆ ಸಿಪ್ಪೆಯ ಉರಿಯಲ್ಲಿ ಹಂಡೆ ನೀರು ಕಾಯುತ್ತಲೇ ಇರುತ್ತದೆ. ಸೊಂಟ ಒಳಗೆ ಕೂರುವಷ್ಟು ಅಗಲದ ಪ್ಲಾಸ್ಟಿಕ್ ಟಬ್ಬನ್ನು ಬಚ್ಚಲಲ್ಲಿ ಗಟ್ಟಿಯಾದ ಜಾಗದಲ್ಲಿ ಇಟ್ಟು, ತಣ್ಣೀರು ಬೆರೆಸಿ, ಮಗುವಿಗೆ ನೀರೆರೆಯುವ ಮುಂಚೆ ನೋಡುವಂತೆ ಮೊಣಕೈ ಅದ್ದಿ ಹದ ನೋಡಬೇಕು. ಹಿತವಾದ ಬಿಸಿ ಸಾಕು. ಕುದಿನೀರಿಗೆ ಗಾಯ ಬೇಗ ಮಾಯುವುದಿಲ್ಲ, ಸುಡುತ್ತದೆ. ಗೋಡೆಯನ್ನೋ ಮನೆಯವರ ಕೈಯನ್ನೋ ಹಿಡಿದು ನಿಧಾನವಾಗಿ ಕೂತು ಹತ್ತರಿಂದ ಹದಿನೈದು ನಿಮಿಷ. ದಿನಕ್ಕೆ ಎರಡು ಮೂರು ಸಲ, ಹೊರಕಡೆ ಹೋಗಿ ಬಂದ ಮೇಲೆ ತಪ್ಪದೆ ಒಂದು ಸಲ. ಕೂತ ಎರಡು ಮೂರು ನಿಮಿಷದಲ್ಲಿ ಸೆಟೆದ ಸ್ನಾಯು ಸಡಿಲಗೊಳ್ಳುವುದು ಕೂತವರಿಗೇ ತಿಳಿಯುತ್ತದೆ. ಡೆಟ್ಟಾಲ್ ಬೇಡ, ಉಪ್ಪಿನ ಅಗತ್ಯವೂ ಇಲ್ಲ, ಬರೀ ನೀರು. ಬಿಸಿನೀರಿನಲ್ಲಿ ಕೂರಿಸುವ ಈ ಕ್ರಮ ಆಯುರ್ವೇದದಲ್ಲೂ ‘ಅವಗಾಹ’ವೆಂದು ಇದೆ. ಏಳುವಾಗ ಒಮ್ಮೆಗೇ ಎದ್ದರೆ ತಲೆ ಸುತ್ತುವುದುಂಟು, ವಯಸ್ಸಾದವರ ಹತ್ತಿರ ಒಬ್ಬರು ನಿಂತಿರಲಿ. ಒರೆಸುವಾಗ ಉಜ್ಜಬಾರದು, ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ನೀರು ತೆಗೆದು, ಗಾಳಿಗೆ ಆರಿಸಿ, ಒಣಗಿದ ಹತ್ತಿಯೋ ಗಾಜ್ ಬಟ್ಟೆಯೋ ಇಟ್ಟುಕೊಂಡರೆ ಸಾಕು.

ಹೊರಕಡೆ ಕೂರುವುದು ಐದು ನಿಮಿಷ ಮೀರಬಾರದು. ಬರಲಿಲ್ಲವೋ, ಎದ್ದು ಬಂದು ಆಮೇಲೆ ಹೋಗುವುದು. ಮೊಬೈಲು ಹೊರಗೇ ಇರಲಿ. ಕಮೋಡ್ ಇರುವ ಮನೆಗಳಲ್ಲಿ ಪಾದದ ಕೆಳಗೆ ಒಂದು ಅಡುಗೆಮನೆ ಮಣೆ ಇಟ್ಟುಕೊಂಡರೆ ಮೊಣಕಾಲು ಮೇಲೆದ್ದು ಮಲದ ದಾರಿ ನೇರವಾಗುತ್ತದೆ. ಕೂರಲು ನಡುವೆ ತೂತಿರುವ ಉಂಗುರದ ದಿಂಬನ್ನು ಅಂಗಡಿಯವರು ಮಾರುತ್ತಾರೆ. ಅದು ಗಾಯದ ಸುತ್ತಲಿನ ಚರ್ಮವನ್ನು ಎರಡೂ ಕಡೆಗೆ ಎಳೆಯುತ್ತದೆ. ಮಡಿಸಿದ ಕೌದಿಯೇ ಒಳ್ಳೆಯದು.

ಎರಡನೆಯ ವಾರದ ರಕ್ತ

ಇದನ್ನು ರೋಗಿಗೆ ಮುಂಚೆಯೇ ಹೇಳಿರಬೇಕು. ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಗಾಯದ ಮೇಲಿನ ಪೊರೆ ಕಳಚಿ, ಕಟ್ಟಿದ ದಾರದ ಬುಡ ಸಡಿಲವಾಗುವ ಹೊತ್ತಿಗೆ ಕೆಲವೇ ಕೆಲವರಿಗೆ ಮತ್ತೆ ರಕ್ತ ಹೋಗುತ್ತದೆ. ನೋವು ತಗ್ಗಿ, ‘ಇನ್ನೇನು ಸರಿಹೋಯಿತು’ ಎಂದು ಬೈಕು ಹತ್ತುವ ದಿನಗಳು ಇವೇ. ಮಲದ ಜೊತೆ ಗೆರೆಯಂತೆ ಬಂದ ರಕ್ತ, ಬಟ್ಟೆಗೆ ಅಂಟಿದ ಚುಕ್ಕೆ ಚಿಂತೆಯ ವಿಷಯವಲ್ಲ. ಗಡ್ಡೆಗಡ್ಡೆಯಾಗಿ ಬಂದರೆ, ಸುರಿದು ನಿಲ್ಲದಿದ್ದರೆ, ತಲೆ ಸುತ್ತಿ ಬೆವರಿದರೆ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಫೋನು ಮಾಡಿ, ಆಪರೇಷನ್ ಚೀಟಿಯನ್ನು ಜೊತೆಗೆ ಇಟ್ಟುಕೊಂಡು ಹೊರಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹೃದಯದ ರೋಗಿಗಳು ಆ ಮಾತ್ರೆಯನ್ನು ಯಾವತ್ತು ಮತ್ತೆ ಶುರು ಮಾಡಬೇಕೆಂದು ಡಿಸ್‌ಚಾರ್ಜ್ ದಿನವೇ ಕೇಳಿಕೊಂಡಿರಬೇಕು.

ಮೊದಲ ದಿನವೇ ಎದುರಾಗಬಹುದಾದದ್ದು ಮೂತ್ರ ಕಟ್ಟುವುದು. ಬೆನ್ನಿಗೆ ಕೊಟ್ಟ ಅರಿವಳಿಕೆ, ಕೆಳಗಿನ ನೋವು ಎರಡೂ ಸೇರಿ, ಪ್ರಾಸ್ಟೇಟ್ ದೊಡ್ಡದಾಗಿರುವ ವಯಸ್ಸಾದ ಗಂಡಸರಲ್ಲಿ ವಿಶೇಷವಾಗಿ, ಮೂತ್ರ ಬರುವುದೇ ಇಲ್ಲ. ಹೊಟ್ಟೆಯ ಕೆಳಭಾಗ ಉಬ್ಬಿ ನೋಯುತ್ತಿದ್ದರೆ ನರ್ಸಿಗೆ ಹೇಳಬೇಕು. ಒಂದು ದಿನ ಟ್ಯೂಬು ಹಾಕಿದರೆ ಸರಿಹೋಗುತ್ತದೆ. ಜ್ವರ, ದಿನದಿಂದ ದಿನಕ್ಕೆ ಇಳಿಯುವ ಬದಲು ಏರುವ ನೋವು, ಮೂತ್ರ ಕಟ್ಟುವುದು ಮೂರೂ ಒಟ್ಟಿಗೆ ಬಂದರೆ ಒಳಗೆ ಸೋಂಕು ಹಬ್ಬಿರಬಹುದು. ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದು.

ಕೂತು ಮಾಡುವ ಕೆಲಸದವರು ಎರಡು ವಾರಕ್ಕೆ ಹೋಗಬಹುದು. ತೋಟದ ಕೆಲಸ ಬೇರೆ. ಅಡಿಕೆ ಮೂಟೆ ಎತ್ತುವುದು, ಬೆನ್ನಿಗೆ ಔಷಧಿ ಕ್ಯಾನು ಕಟ್ಟುವುದು, ಟಿಲ್ಲರು, ಗುಂಡಿ ಬಿದ್ದ ದಾರಿಯಲ್ಲಿ ಬೈಕು, ಇವೆಲ್ಲ ನಾಲ್ಕರಿಂದ ಆರು ವಾರದ ಮೇಲೆ. ನಡೆಯುವುದು ಮಾತ್ರ ಮೊದಲ ದಿನದಿಂದಲೇ ಒಳ್ಳೆಯದು. ಮಲಗೇ ಇದ್ದವರ ಕರುಳೂ ಮಲಗುತ್ತದೆ.

ಗಾಯ ಮಾಯಿತು, ಕಾಟ ಹೋಗಲಿಲ್ಲ

ಎರಡು ತಿಂಗಳಾದ ಮೇಲೂ ಉಳಿಯುವ ತೊಂದರೆಗಳು ಕೆಲವಿವೆ. ಒಂದೊಂದಕ್ಕೂ ಬೇರೆ ಬೇರೆ ಕಾರಣ, ಬೇರೆ ಬೇರೆ ಮದ್ದು.

ಅತಿ ಹೆಚ್ಚು ಕಾಡುವುದು ತುರಿಕೆ. ಹೊಸ ಚರ್ಮ ಬೆಳೆಯುವಾಗ ಸ್ವಲ್ಪ ತುರಿಸುವುದು ಸಹಜ. ಅದನ್ನು ಹೊಲಸು ಎಂದುಕೊಂಡು ದಿನಕ್ಕೆ ಐದು ಸಲ ಸೋಪು ಹಚ್ಚಿ ಉಜ್ಜಿದರೆ ಚರ್ಮ ಒಣಗಿ ಬಿರಿದು ತುರಿಕೆ ದುಪ್ಪಟ್ಟಾಗುತ್ತದೆ. ಸೋಪು ನಿಲ್ಲಿಸಿ, ಬರೀ ನೀರಿನಲ್ಲಿ ತೊಳೆದು, ಒಣಗಿಸಿ, ಹತ್ತಿಯ ಒಳಬಟ್ಟೆ ಹಾಕಿದರೆ ಬಹುತೇಕರಿಗೆ ವಾರಗಳಲ್ಲಿ ಇಳಿಯುತ್ತದೆ. ಅಂಗಡಿಯವರು ಕೊಡುವ ಸ್ಟೆರಾಯ್ಡ್ ಬೆರೆತ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ರಾತ್ರಿ ಹೊತ್ತಿನ ತುರಿಕೆ ಜಂತುಹುಳುವಿನದೂ ಆಗಿರಬಹುದು.

ಕೈಗೆ ಸಿಗುವ ಮೆತ್ತಗಿನ ಚರ್ಮದ ಕುಚ್ಚು ಇನ್ನೊಂದು. ಗಾಯದ ಅಂಚಿನ ಬಾವು ಇಳಿದಾಗ ಉಳಿದ ಹೆಚ್ಚುವರಿ ಚರ್ಮ ಅದು. ಮೊಳೆಯಲ್ಲ, ರಕ್ತ ಬರುವುದಿಲ್ಲ, ಕ್ಯಾನ್ಸರ್ ಆಗುವುದಿಲ್ಲ. ‘ಮತ್ತೆ ಬಂತು’ ಎಂದು ಜನ ಹೆದರಿ ಓಡುವುದು ಹೆಚ್ಚಾಗಿ ಇದನ್ನು ಮುಟ್ಟಿ ನೋಡಿಯೇ. ತೊಳೆಯಲು ತೊಡಕಾಗದಿದ್ದರೆ ಹಾಗೇ ಬಿಡಬಹುದು.

ಗಾಳಿ ತಡೆಯಲಾಗದಿರುವುದು, ಬಟ್ಟೆಗೆ ಸ್ವಲ್ಪ ಅಂಟುವುದು ಮೊದಲ ವಾರಗಳಲ್ಲಿ ಕೆಲವರಿಗೆ ಆಗುತ್ತದೆ. ಬಾಗಿಲ ಮೆತ್ತೆಯನ್ನೇ ತೆಗೆದದ್ದರಿಂದ ಹೀಗಾಗುತ್ತದೆ, ಸ್ನಾಯು ಅದಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಗಾಳಿ ತಡೆಯುವಂತೆ ಗುದದ್ವಾರವನ್ನು ಬಿಗಿಹಿಡಿದು ಐದೆಣಿಸಿ ಸಡಿಲ ಬಿಡುವ ವ್ಯಾಯಾಮವನ್ನು, ನೋವು ಪೂರ್ತಿ ಹೋದ ಮೇಲೆ, ದಿನಕ್ಕೆ ಮೂರು ಹೊತ್ತು ಹತ್ತು ಹತ್ತು ಸಲ ಮಾಡಬಹುದು. ಮೂರು ತಿಂಗಳಾದರೂ ಸೋರುತ್ತಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಸರ್ಜನ್ನಿಗೆ ಹೇಳಬೇಕು.

ಮಲ ಪೆನ್ಸಿಲಿನಷ್ಟು ತೆಳ್ಳಗಾಗಿ, ಎಷ್ಟು ತಿಣುಕಿದರೂ ಒಳಗೆ ಉಳಿದಂತೆ ಅನಿಸುತ್ತಿದ್ದರೆ ಗಾಯ ಮಾಯುವಾಗ ದಾರಿ ಕಿರಿದಾಗಿದೆ ಎಂದರ್ಥ. ಬೇಗ ತೋರಿಸಿದರೆ ನಾರು ಮತ್ತು ಹಿಗ್ಗಿಸುವ ಚಿಕಿತ್ಸೆಯಲ್ಲಿ ಸರಿಹೋಗುವುದುಂಟು. ಹೋಗುವಾಗ ಬ್ಲೇಡಿನಲ್ಲಿ ಕುಯ್ದಂತಹ ನೋವು, ಆಮೇಲೆ ಗಂಟೆಗಟ್ಟಲೆ ಉರಿ ಇದ್ದರೆ ಅದು ಬಿರುಕು. ಅದಕ್ಕೆ ಡಿಲ್ಟಿಯಾಜೆಮ್ ಮುಲಾಮು ಬರೆಯುತ್ತಾರೆ, ಸ್ನಾಯುವಿನ ಸೆಟೆತ ಇಳಿಸಲು. ಆರರಿಂದ ಎಂಟು ವಾರ ಬಿಡದೆ ಹಚ್ಚಬೇಕು.

ನಿಜವಾಗಿ ಮೊಳೆಯೇ ಮತ್ತೆ ಬರುವುದು ಕತ್ತರಿಸುವ ಆಪರೇಷನ್ನಿನಲ್ಲಿ ಕಡಿಮೆ. ಇಟಲಿಯ ಲೋಂಗೊ 1998ರಲ್ಲಿ ಪ್ರಕಟಿಸಿದ ಸ್ಟೇಪ್ಲರ್ ವಿಧಾನದಲ್ಲಿ ಆರಂಭದ ನೋವು ಕಡಿಮೆ, ಮರುಕಳಿಸುವುದು ಹೆಚ್ಚು. ಬ್ರಿಟನ್ನಿನಲ್ಲಿ 777 ರೋಗಿಗಳನ್ನು ಎರಡು ವರ್ಷ ಅನುಸರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನ, ಒಟ್ಟು ನೆಮ್ಮದಿಯ ಲೆಕ್ಕದಲ್ಲಿ ಹಳೆಯ ಕತ್ತರಿಸುವ ವಿಧಾನವೇ ಮೇಲು ಎಂದಿತು. ‘ಲೇಸರ್, ಒಂದೇ ದಿನ, ನೋವೇ ಇಲ್ಲ’ ಎಂಬ ಬೋರ್ಡು ಈಗ ಊರೂರಲ್ಲಿದೆ. ನೋವು ಕಡಿಮೆ ಎಂಬುದು ನಿಜ, ಎಲ್ಲ ಹಂತದ ಮೊಳೆಗೂ ಅದೇ ಸರಿ ಎಂಬುದು ನಿಜವಲ್ಲ. ಯಾವ ಯಂತ್ರವೂ ಮಲಬದ್ಧತೆಯನ್ನು ತೆಗೆಯುವುದಿಲ್ಲ.

ಇನ್ನು ‘ಆಪರೇಷನ್ ಇಲ್ಲದೆ ಇಂಜೆಕ್ಷನ್‌ನಲ್ಲಿ ಗುಣ’ ಎಂದು ಬಸ್‌ಸ್ಟ್ಯಾಂಡ್ ಬಳಿ ಬೋರ್ಡು ಹಾಕಿದ, ಪದವಿಯ ವಿವರವೇ ಇಲ್ಲದ ಅಂಗಡಿಗಳು. ಬಾದಾಮಿ ಎಣ್ಣೆಯಲ್ಲಿ ಫೀನಾಲ್ ಬೆರೆಸಿ ಚುಚ್ಚುವುದು ಸರ್ಜನ್ನರೂ ಮಾಡುವ ಚಿಕಿತ್ಸೆಯೇ. ಮೊದಲೆರಡು ಹಂತದ ಮೊಳೆಗೆ, ನೋವು ತಿಳಿಯದ ಗೆರೆಯ ಮೇಲ್ಭಾಗಕ್ಕೆ, ಅಳತೆಯಿಟ್ಟು. ಅರಿಯದವರ ಕೈಯಲ್ಲಿ ಅದೇ ಸೂಜಿ ಕೆಳಗೆ ಅಥವಾ ಆಳಕ್ಕೆ ಹೋದರೆ ಮಾಂಸ ಕೊಳೆಯುತ್ತದೆ, ಕೀವಾಗುತ್ತದೆ, ದಾರಿ ಕಿರಿದಾಗುತ್ತದೆ. ಒಮ್ಮೆ ಆಪರೇಷನ್ ಆದ ಜಾಗಕ್ಕೆ ಇಂತಹ ಸೂಜಿ ಚುಚ್ಚಿಸಿಕೊಳ್ಳುವುದಂತೂ ಬೇಡವೇ ಬೇಡ. ಆಯುರ್ವೇದವೇ ಬೇಕೆನ್ನುವವರಿಗೆ ಶಲ್ಯತಂತ್ರ, ಎಂದರೆ ಆಯುರ್ವೇದದ ಶಸ್ತ್ರಚಿಕಿತ್ಸೆ, ಓದಿದ ವೈದ್ಯರಿದ್ದಾರೆ. ಸುಶ್ರುತ ಅರ್ಶಕ್ಕೆ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯ ಹೇಳಿದ್ದಾನೆ, ನಾಲ್ಕೂ ಕಲಿತವರ ಕೈಗೆಂದೇ ಹೇಳಿದ್ದು. ಖರ್ಚಿಗೆ ಅಂಜಿ ಈ ಅಂಗಡಿಗಳಿಗೆ ಹೋಗುವವರು ಮೊದಲು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಬಿಪಿಎಲ್ ಕಾರ್ಡು ಹಿಡಿದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಕೇಳಲಿ.

ಹೆಣ್ಣುಮಕ್ಕಳ ಪಾಡು ಇದೆಲ್ಲಕ್ಕಿಂತ ಕಷ್ಟ. ಬಸುರಿನಲ್ಲಿ ಶುರುವಾದ ಮೊಳೆ, ಹೆರಿಗೆಯಲ್ಲಿ ಹೆಚ್ಚಾಗಿ, ಸುಗ್ಗಿಯಲ್ಲಿ ರಾತ್ರಿಯವರೆಗೆ ಅಡಿಕೆ ಸುಲಿಯುತ್ತಾ ಒಂದೇ ಕಡೆ ಕೂತು, ಹೊರಕಡೆಗೆ ಹೋಗಲು ಜಾಗವಿಲ್ಲದೆ ತಡೆದುಕೊಂಡು ಬೆಳೆಯುತ್ತದೆ. ಗಂಡಸು ಡಾಕ್ಟರ ಮುಂದೆ ತೋರಿಸಬೇಕಲ್ಲ ಎಂದೇ ವರ್ಷಗಳು ಕಳೆಯುತ್ತವೆ. ಪರೀಕ್ಷೆಯ ವೇಳೆ ಮಹಿಳಾ ನರ್ಸ್ ಪಕ್ಕದಲ್ಲಿರಬೇಕೆಂದು ಕೇಳುವುದು ರೋಗಿಯ ಹಕ್ಕು. ಆಪರೇಷನ್ ಆದ ಹೆಣ್ಣುಮಗಳು ಮನೆಗೆ ಬಂದ ಮೂರನೇ ದಿನಕ್ಕೆ ಕೊಡ ಹೊತ್ತು ನಿಂತರೆ ಆ ಆಪರೇಷನ್ ಮಾಡಿಸಿ ಏನು ಬಂತು? ಗಂಡಸರಿಗೆ ಸಿಗುವ ಆರು ವಾರ ಅವರಿಗೂ ಸಿಗಬೇಕು. ವರ್ಷಗಟ್ಟಲೆ ರಕ್ತ ಹೋದವರಲ್ಲಿ ರಕ್ತಹೀನತೆ ಇದ್ದೇ ಇರುತ್ತದೆ ಎಂದುಕೊಂಡು ಹಿಮೋಗ್ಲೋಬಿನ್ ನೋಡಿಸಬೇಕು. ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕೆಳಗಿದ್ದರೆ ಕಡಿಮೆ. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿಸಿ ಗಟ್ಟಿಯೂ ಮಾಡುತ್ತದೆ, ಹೆದರಿ ನಿಲ್ಲಿಸದೆ ಜೊತೆಗೆ ಇಸಬ್ಗೋಲ್ ಹೆಚ್ಚಿಸಿಕೊಳ್ಳಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಆಪರೇಷನ್ ಆಗಿ ತಿಂಗಳುಗಳ ಮೇಲೆ ಮತ್ತೆ ರಕ್ತ ಹೋದರೆ ‘ಹಳೆಯ ಮೊಳೆ’ ಎಂದು ಸುಮ್ಮನಾಗಬಾರದು. ನಲವತ್ತು ದಾಟಿದವರು, ತೂಕ ಇಳಿಯುತ್ತಿರುವವರು, ಮಲದ ರೂಢಿ ಇದ್ದಕ್ಕಿದ್ದಂತೆ ಬದಲಾದವರು, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದವರು ಕೊಲೊನೋಸ್ಕೋಪಿ ಬೇಕೇ ಎಂದು ವೈದ್ಯರನ್ನು ತಾವಾಗಿಯೇ ಕೇಳಬೇಕು. ಮೊಳೆಯ ನೆರಳಲ್ಲಿ ಕ್ಯಾನ್ಸರ್ ಅಡಗಿ ಕೂತು ತಡವಾಗಿ ಸಿಕ್ಕ ಉದಾಹರಣೆಗಳು ಸರ್ಜನ್ನರೆಲ್ಲರ ಅನುಭವದಲ್ಲಿವೆ.

ಇಷ್ಟೆಲ್ಲವನ್ನೂ ದೊಡ್ಡಕ್ಷರದ ಕನ್ನಡದಲ್ಲಿ ಒಂದು ಹಾಳೆಯ ಎರಡು ಮಗ್ಗುಲಲ್ಲಿ ಅಚ್ಚು ಹಾಕಬಹುದು. ಯಾವ ದಿನ ಏನಾಗುತ್ತದೆ, ಏನು ತಿನ್ನಬೇಕು, ಯಾವ ರಕ್ತಕ್ಕೆ ಹೆದರಬೇಕು, ಯಾವ ನಂಬರಿಗೆ ಫೋನು ಮಾಡಬೇಕು. ಮೂಲವ್ಯಾಧಿಯ ಆಪರೇಷನ್ ಮಾಡುವ ಪ್ರತಿಯೊಂದು ಆಸ್ಪತ್ರೆಯೂ, ಅದು ಸರ್ಕಾರದ್ದಿರಲಿ ಖಾಸಗಿಯದಿರಲಿ, ಡಿಸ್‌ಚಾರ್ಜ್ ಚೀಟಿಗೆ ಈ ಹಾಳೆಯನ್ನು ಪಿನ್ನು ಹೊಡೆದು ಕೊಡಬೇಕು, ಹಳ್ಳಿಯ ಆಶಾ ಕಾರ್ಯಕರ್ತೆಗೂ ಒಂದು ಪ್ರತಿ ತಲುಪಿಸಬೇಕು. ಅಂತಹ ಹಾಳೆ ಸಿಗದಿದ್ದರೆ ರೋಗಿಗಳೂ ಮನೆಯವರೂ ವಾರ್ಡಿನಿಂದ ಹೊರಡುವ ಮುಂಚೆ, ಸಂಕೋಚ ಬಿಟ್ಟು, ಈ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಬರೆಸಿಕೊಂಡು ಬನ್ನಿ.